ಕಾರ್ನ್‌ವಾಲ್‌ನ ಗಣಿಗಾರರು: ಕೋಲಾರದಿಂದ ರಾಮಗಿರಿಯವರೆಗೆ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ತಾಮ್ರ ಮತ್ತು ತವರದ ನಾಡು. 1866ರಲ್ಲಿ ತಾಮ್ರದ ಬೆಲೆ ಕುಸಿದಾಗ ಸಾವಿರಾರು ಗಣಿಗಾರರು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾಗಳಿಗೆ ವಲಸೆ ಹೋದರು. ಕೆಲವರು ಗುದ್ದಲಿ ಕೆಳಗಿಟ್ಟು ಅಲ್ಲಿಯೇ ಅಂಗಡಿ ತೆರೆದರು. ಕಲ್ಲುದೂಳು ಕುಡಿದ ಶ್ವಾಸಕೋಶಕ್ಕೆ ಅದೇ ಬದುಕುವ ದಾರಿ.

ಕನ್ನಡನಾಡಿಗೂ ಅವರು ಬಂದರು. ಅದಕ್ಕೂ ಮುನ್ನ ಮೈಕೆಲ್ ಲ್ಯಾವೆಲ್ ಎಂಬಾತ 1875ರಲ್ಲಿ ಕೋಲಾರದಲ್ಲಿ ಗಣಿ ಪರವಾನಗಿ ಪಡೆದ. (ಈತ ಐರಿಷ್ ಮೂಲದವನು, ಕಾರ್ನ್‌ವಾಲ್‌ನವನಲ್ಲ, ಪರೀಕ್ಷೆಯಲ್ಲಿ ಎಡವುವ ಜಾಗವಿದು.) 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾರ್ನ್‌ವಾಲ್‌ನ ಅನುಭವಿಗಳನ್ನು ಕರೆತಂದಿತು. ತವರಿನಲ್ಲಿ ಗಟ್ಟಿ ಟೋಪಿಯ ಮುಂದೆ ಜೇಡಿಮಣ್ಣಿನಿಂದ ಮೇಣದಬತ್ತಿ ಅಂಟಿಸಿಕೊಂಡು ಕತ್ತಲಿಗೆ ಇಳಿದು ಕಲಿತವರು ಇವರು. ಮೇಲ್ವಿಚಾರಕನಿಗೆ ‘ಕ್ಯಾಪ್ಟನ್’ ಎನ್ನುವುದು ಅವರ ರೂಢಿ. ಕೋಲಾರದ ಮೈಸೂರು ಗಣಿಯಲ್ಲಿ ಚಾಂಪಿಯನ್ ಎಂಬ ಚಿನ್ನದ ಅದಿರಿನ ಸಾಲು ಪತ್ತೆಯಾದದ್ದು ಕ್ಯಾಪ್ಟನ್ ಪ್ಲಮರ್ ಕಾಲದಲ್ಲಿ. ಆದರೆ ಆಳದಲ್ಲಿ ಬಂಡೆ ಒಡೆದ ಸಾವಿರಾರು ಕೈಗಳು ತಮಿಳು, ತೆಲುಗು, ಕನ್ನಡ ಕೂಲಿಗಳವು. ಅವರ ಹೆಸರು ಪುಸ್ತಕಗಳಲ್ಲಿಲ್ಲ, ಇದು ಅನ್ಯಾಯ.

1902ರಲ್ಲಿ ಕೋಲಾರದ ಈ ಚಿನ್ನದ ಗಣಿಗಳಿಗೆ (ಕೆಜಿಎಫ್) ಶಿವನಸಮುದ್ರದಿಂದ ವಿದ್ಯುತ್ ಬಂತು.

ಅನಂತಪುರ ಸೀಮೆಯ ರಾಮಗಿರಿಯಲ್ಲೂ 20ನೇ ಶತಮಾನದ ಆರಂಭದಲ್ಲಿ ಚಿನ್ನದ ಗಣಿ ನಡೆಯಿತು. ಅದೇ ಸೀಮೆಯ, ಕನ್ನಡಿಗರು ಹೆಚ್ಚಿರುವ ಮಡಕಶಿರಾ ಮತ್ತು ರಾಯದುರ್ಗದ ಪರೀಕ್ಷಾ ಅಭ್ಯರ್ಥಿಗಳು ಇದನ್ನು ಗುರುತಿಸಿಕೊಳ್ಳಲಿ. ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಇತ್ತ ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು.