ಯಂತ್ರಕ್ಕೆ ಲೆಕ್ಕ ಕಲಿಸಲು ಹೋದವನ ಪಾಠಗಳು

ಹೈಸ್ಕೂಲ್ ಮಕ್ಕಳ ವಾಕ್ಯದ ಲೆಕ್ಕಗಳನ್ನು ಓದಿ ಬಿಡಿಸುವ, ಅವರು ಎಡವಿದಲ್ಲಿ ದಾರಿ ತೋರುವ ಪ್ರೋಗ್ರಾಂ ಬರೆಯುವ ಹುಚ್ಚು ನನಗೆ ಹಿಡಿದು ಬಹಳ ಕಾಲವಾಯಿತು. ಬರೆದದ್ದನ್ನು ಒಯ್ದು ತೋರಿಸುವುದು ರಾಯಚೂರು ತಾಲ್ಲೂಕಿನ ಚಂದ್ರಬಂಡದ ಮಕ್ಕಳಿಗೆ. ಪರೀಕ್ಷೆ ಅವರದ್ದಲ್ಲ, ನನ್ನದು. ಹೆಚ್ಚಿನ ಸಲ ಫೇಲಾಗಿದ್ದೇನೆ.

1. ಸೂತ್ರ ತುಂಬಿದ್ದೆ, ಲೆಕ್ಕ ತುಂಬಿರಲಿಲ್ಲ.

ಪಠ್ಯಪುಸ್ತಕದ ಸೂತ್ರಗಳನ್ನೆಲ್ಲ ಪಟ್ಟಿ ಮಾಡಿ ಯಂತ್ರಕ್ಕೆ ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ‘ಬಡ್ಡಿ’ ಎಂಬ ಪದ ಕಂಡರೆ ಸರಳಬಡ್ಡಿಯ ಸೂತ್ರ ಹಾಕು, ಅಷ್ಟೆ. ಒಬ್ಬ ಹುಡುಗ ತನ್ನದೇ ಲೆಕ್ಕ ಕೊಟ್ಟ: ನೂರಕ್ಕೆ ಎರಡರಂತೆ 20,000 ರೂಪಾಯಿ ಸಾಲ, ಹತ್ತು ತಿಂಗಳಿಗೆ ಬಡ್ಡಿ ಎಷ್ಟು? ಪ್ರೋಗ್ರಾಂ 333 ರೂಪಾಯಿ 33 ಪೈಸೆ ಎಂದಿತು. “ಇಷ್ಟು ಕಮ್ಮಿ ಬಡ್ಡಿಗಿ ಯಾರ್ ಕೊಡ್ತಾರ್ರಿ ಸರ್?” ಎಂದು ಹುಡುಗ ನಕ್ಕ. ಊರಿನ ನೂರಕ್ಕೆ ಎರಡು ತಿಂಗಳ ಲೆಕ್ಕ, ಪುಸ್ತಕದ್ದು ವರ್ಷದ ಲೆಕ್ಕ. ಬಡ್ಡಿ 4,000 ಆಗಬೇಕಿತ್ತು. ಸೂತ್ರದಲ್ಲಿ ಏನೂ ತಪ್ಪಿರಲಿಲ್ಲ. ‘2’ ಎಂಬುದು ಯಾವುದರ ಮೇಲೆ, ಎಷ್ಟು ಕಾಲಕ್ಕೆ ಎಂಬುದು ಎಲ್ಲೂ ಬರೆದಿರಲಿಲ್ಲ. ಈಗ ನನ್ನ ಪ್ರೋಗ್ರಾಂನಲ್ಲಿ ಅಂಕಿಯೊಂದೇ ಓಡಾಡುವಂತಿಲ್ಲ, ತನ್ನ ಅಳತೆಯನ್ನು ಜೊತೆಗೆ ಹೊತ್ತೇ ಬರಬೇಕು. ಭತ್ತದ ದರ ಅಂದರೆ 75 ಕೆಜಿ ಚೀಲಕ್ಕೋ ಕ್ವಿಂಟಾಲಿಗೋ ಗೊತ್ತಾಗದಿದ್ದರೆ ಉತ್ತರ ಹೇಳುವ ಮೊದಲು ಕೇಳುತ್ತದೆ.

2. ಪದದ ಸಾಲು ನಂಬಿ ಕೆಟ್ಟೆ.

1964ರಲ್ಲಿ ಎಂಐಟಿಯಲ್ಲಿ ಡೇನಿಯಲ್ ಬಾಬ್ರೋ ‘ಸ್ಟೂಡೆಂಟ್’ ಎಂಬ ಪ್ರೋಗ್ರಾಂ ಬರೆದಿದ್ದ. ಅದು ಇಂಗ್ಲಿಷ್ ವಾಕ್ಯಗಳನ್ನು ಸಿದ್ಧ ಅಚ್ಚುಗಳಿಗೆ ಹೊಂದಿಸಿ ಬೀಜಗಣಿತದ ಸಮೀಕರಣ ಮಾಡುತ್ತಿತ್ತು. ಅದನ್ನೇ ಕನ್ನಡಕ್ಕೆ ಇಳಿಸಲು ಹೋದೆ. “ರವಿ ಸೋಮನಿಗೆ 5 ಪೆನ್ನು ಕೊಟ್ಟ” ಸರಿಹೋಯಿತು. “ಸೋಮನಿಗೆ ರವಿ 5 ಪೆನ್ನು ಕೊಟ್ಟ” ಎಂದಾಗ ಪೆನ್ನು ಸೋಮನ ಜೇಬಿನಿಂದಲೇ ಹೋಯಿತು! ನಮ್ಮಲ್ಲಿ ಕೊಟ್ಟವನು, ಪಡೆದವನು ಯಾರೆಂದು ಹೇಳುವುದು ವಿಭಕ್ತಿ, ಪದದ ಜಾಗ ಅಲ್ಲ. ಅದನ್ನು ತಿದ್ದಿದ ಮೇಲೂ “5 ಕೊಟ್ಟ ಮೇಲೆ 7 ಉಳಿದವು, ಮೊದಲು ಎಷ್ಟಿದ್ದವು?” ಎಂದರೆ ‘ಉಳಿದವು’ ನೋಡಿ ಕಳೆದು 2 ಎನ್ನುತ್ತಿತ್ತು. ಹಾಗಾಗಿ ಸಮೀಕರಣಕ್ಕೆ ಮೊದಲು ನಡೆದದ್ದನ್ನು ಬರೆಸತೊಡಗಿದೆ: ಮೊದಲು ಯಾರ ಬಳಿ ಎಷ್ಟಿತ್ತು, ಏನು ಕೈ ಬದಲಾಯಿತು, ಆಮೇಲೆ ಎಷ್ಟಿದೆ, ಇದರಲ್ಲಿ ಗೊತ್ತಿಲ್ಲದ್ದು ಯಾವುದು. ಕೂಡುವುದೋ ಕಳೆಯುವುದೋ ಎಂಬುದು ಆ ಕಡೆಯ ಪ್ರಶ್ನೆಯ ಮೇಲೆ ನಿಂತಿದೆ.

3. ನಿಯಮದ ಗಡಿಯನ್ನೂ ಬರೆಯಬೇಕಿತ್ತು.

ಎಂಟು ಆಳು ಮೂರು ದಿನದಲ್ಲಿ ಹತ್ತಿ ಬಿಡಿಸಿದರೆ, 2,400 ಆಳು ಐದು ನಿಮಿಷದೊಳಗೆ ಮುಗಿಸುತ್ತಾರೆ ಎಂದು ನನ್ನ ಪ್ರೋಗ್ರಾಂ ಹೇಳಿತ್ತು. ಹೊಲದಲ್ಲಿ ನಿಲ್ಲಲು ಜಾಗ ಬೇಡವೇ?

ಗಡಿಯ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ ಎಂಬುದೊಂದು ಸಮಾಧಾನ. ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದ, ಒಂಬತ್ತನೇ ಶತಮಾನದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗಡಿ ಹಾಕಿದವನು. ಅವನೇ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದ. ಇಂದು ಗಣಿತದ ಸಾಧನೆಗಳನ್ನು ತಾಳೆ ನೋಡುವ ‘ಲೀನ್’ ತಂತ್ರಾಂಶದ ಗ್ರಂಥಾಲಯದಲ್ಲಿ 1ನ್ನು 0ಯಿಂದ ಭಾಗಿಸಿದರೆ 0. ಕೇಳಿದಾಗ ನಾನೂ ಬೆಚ್ಚಿದ್ದೆ. ಆದರೆ ಅದು ಬೇಕೆಂದೇ ಮಾಡಿಕೊಂಡ ಏರ್ಪಾಡು. ಛೇದ ಸೊನ್ನೆಯಾಗಿರಬಾರದು ಎಂಬ ಷರತ್ತನ್ನು, ಬೇಕಾದ ಪ್ರಮೇಯವೇ ಹೊತ್ತಿರುತ್ತದೆ. ನನ್ನದರಲ್ಲಿ ಷರತ್ತು ಎಲ್ಲೂ ಇರಲಿಲ್ಲ.

4. ಮೂರನೇ ಒಂದನ್ನು ಮುಟ್ಟಬೇಡಿ.

ಒಂದು ಎಕರೆ, ಅಂದರೆ 40 ಗುಂಟೆ, ಮೂವರು ಅಣ್ಣತಮ್ಮಂದಿರಿಗೆ. ನಾನು 13.33 ಎಂದು ಇಟ್ಟುಕೊಂಡೆ. ಮತ್ತೆ ಕೂಡಿದಾಗ 39.99. ಸುಮಾರು 11 ಚದರ ಅಡಿ ಮಾಯ. ಅಷ್ಟಕ್ಕೇ ಕೋರ್ಟು ಹತ್ತುವವರು ನಮ್ಮಲ್ಲಿ ಇದ್ದಾರೆ. ಭಿನ್ನರಾಶಿ ಕಡೆಯವರೆಗೂ ಭಿನ್ನರಾಶಿಯಾಗಿಯೇ ಇರಲಿ.

5. ತಪ್ಪು ಲೆಕ್ಕಕ್ಕೂ ನಿಯಮವಿದೆ.

ಇದು ತಡವಾಗಿ ತಲೆಗೆ ಹೋಯಿತು. ಸರಿಯಾದ ವಿಧಾನ ಮಾತ್ರ ಬರೆದಿಟ್ಟು, ಉಳಿದದ್ದಕ್ಕೆಲ್ಲ ‘ತಪ್ಪು, ಮತ್ತೆ ಮಾಡು’ ಎನಿಸುತ್ತಿದ್ದೆ. ಒಬ್ಬ ಹುಡುಗಿ 503ರಲ್ಲಿ 247 ಕಳೆದು 344 ಬರೆದಳು. ಮತ್ತೆ ಮಾಡಿದಳು, ಮತ್ತೆ 344. ಅವಳ ಪಾಡಿಗೆ ಅವಳು ಸರಿ: ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಳು. 1978ರಲ್ಲೇ ಬ್ರೌನ್ ಮತ್ತು ಬರ್ಟನ್ ‘ಬಗ್ಗಿ’ ಎಂಬ ಪ್ರೋಗ್ರಾಂ ಕುರಿತು ಬರೆದು, ಮಕ್ಕಳ ಇಂಥ ತಪ್ಪು ವಿಧಾನಗಳನ್ನೂ ಯಂತ್ರದೊಳಗೆ ಇಡಬಹುದೆಂದು ತೋರಿಸಿದ್ದರು. ಓದಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ.

ತಪ್ಪು ವಿಧಾನಗಳನ್ನು ತುಂಬಿದ ಮೇಲೆ ಇನ್ನೊಂದು ತೊಡಕು. 52ರಲ್ಲಿ 27 ಕಳೆದು ಮಗು 35 ಬರೆದರೆ, ದೊಡ್ಡದರಿಂದ ಚಿಕ್ಕದನ್ನು ಕಳೆದಿರಬಹುದು. ಅಥವಾ ದಶಕ ತಂದುಕೊಂಡು 12ರಲ್ಲಿ 7 ಕಳೆದು, ಕೊಟ್ಟ 5ನ್ನು 4 ಮಾಡಲು ಮರೆತಿರಬಹುದು. ಎರಡೂ ದಾರಿ 35ಕ್ಕೇ ಬರುತ್ತವೆ. ಬಿಡಿಸ್ಥಾನದ ಅಂಕಿಗಳ ನಡುವೆ ಐದರ ಅಂತರವಿರುವ ಲೆಕ್ಕ ಕೊಟ್ಟದ್ದೇ ನನ್ನ ದಡ್ಡತನ. ಈಗ 35 ಕಂಡರೆ ಪ್ರೋಗ್ರಾಂ ಏನೂ ಹೇಳದೆ 52ರಲ್ಲಿ 28 ಕಳೆಯಲು ಕೊಡುತ್ತದೆ. 36 ಬಂದರೆ ಮೊದಲನೆಯ ತಪ್ಪು, 34 ಬಂದರೆ ಎರಡನೆಯದು. 24 ಬಂದರೆ ಮಗು ಮೊದಲ ಸಲ ಅವಸರ ಮಾಡಿತ್ತೆಂದುಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತದೆ.