ಬಾಣಂತಿಯ ಆಹಾರದಲ್ಲಿ ಅಂಬಲಿಯೂ ಮಜ್ಜಿಗೆಯೂ

ಕಳೆದ ಮಳೆಗಾಲದಲ್ಲಿ ನಾವು ರಾಗಿಸೀಮೆಯ ಒಂದು ಹಳ್ಳಿಯ ಮನೆಗೆ ಹೋಗಿದ್ದಾಗ, ಹೆರಿಗೆಯಾಗಿ ಹದಿನೆಂಟು ದಿವಸವಾಗಿದ್ದ ಸೊಸೆಯು ಗೋಡೆಗೆ ಒರಗಿ ಕೂತಿದ್ದಳು. ಮಗುವು ಚೆನ್ನಾಗಿತ್ತು, ತಾಯಿಯ ಮುಖವು ಮಾತ್ರ ಬಿಳಿಚಿಕೊಂಡಿತ್ತು. ವಿಚಾರಿಸಲಾಗಿ, ಆಕೆಗೆ ಎರಡು ಹೊತ್ತೂ ಮೆಣಸಿನ ಸಾರೂ ಅನ್ನವೂ, ಬೆಳಿಗ್ಗೆ ಸಂಜೆ ಚಹಾವೂ ಬನ್ನೂ ಹೊರತು ಬೇರೇನೂ ಇಲ್ಲವೆಂದೂ, ನೀರನ್ನು ಸಹ ಅಳತೆಯಿಂದ ಕೊಡುತ್ತಾರೆಂದೂ, ಮಲಬದ್ಧತೆಯಿಂದ ಬಹಳ ಸಂಕಟಪಡುತ್ತಾಳೆಂದೂ ತಿಳಿಯಬಂತು. ಅದೇ ಮನೆಯ ಮೂಲೆಯಲ್ಲಿ, ಹೊಲಕ್ಕೆ ಹೋಗುವ ಗಂಡಸರಿಗೋಸ್ಕರ, ಒಂದು ಗಡಿಗೆ ತುಂಬ ಅಂಬಲಿಯಿತ್ತು. ಇದನ್ನು ಯಾಕೆ ಕೊಡುವದಿಲ್ಲವೆಂದು ಕೇಳಿದ್ದಕ್ಕೆ ಅತ್ತೆಯವರು, “ಅಯ್ಯನವರೇ, ಹುಳಿ ಕೊಟ್ಟರೆ ಮಗುವಿಗೆ ಶೀತ ಆಗೋದಿಲ್ಲವೇ? ಅದೂ ಅಲ್ಲದೆ, ಬಾಣಂತಿಗೆ ಅಂಬಲಿ ಹಾಕಿದರು ಅಂತ ನಾಲ್ಕು ಜನ ಆಡಿಕೊಳ್ಳೋದಿಲ್ಲವೇ?” ಅಂದರು. ಮೊದಲನೆಯ ಮಾತು ಪ್ರೀತಿಯಿಂದಲೂ ಎರಡನೆಯದು ನಾಚಿಕೆಯಿಂದಲೂ ಹುಟ್ಟಿದವು. ಇವೆರಡನ್ನೂ ಈ ಪಾಠದಲ್ಲಿ ವಿಚಾರಿಸುವೆವು.

ಹುಳಿ ಎಂದರೇನು? ಹುಳಿಯುವದೂ ಕೊಳೆಯುವದೂ ಒಂದೇ ಅಲ್ಲ. ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ ಒಂದು ರಾತ್ರಿ ಇಟ್ಟರೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಿಟ್ಟಿನೊಳಗಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸುತ್ತವೆ. ಹಿಟ್ಟಿನಲ್ಲಿ ಹುಳಿಯನ್ನು ಅಡಗಿಸಿದ ಹೆಂಗಸಿನ ಸಾಮ್ಯವನ್ನು ಬಲ್ಲ ನಮ್ಮ ವಾಚಕರಿಗೆ ಇದು ಹೊಸದಾಗಿ ತೋರದು. ಈ ಹುಳಿಯು ಜೀವಿಗಳ ಕೆಲಸವೆಂದು ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ೧೮೫೭ರಲ್ಲಿ ತೋರಿಸಿದನು. ನಮ್ಮ ದೇಶದ ಸ್ತ್ರೀಯರಾದರೋ, ಕಾರಣವನ್ನರಿಯದಿದ್ದರೂ, ಕೆಲಸವನ್ನು ಎಷ್ಟೋ ಮುಂಚೆಯೇ ಅರಿತಿದ್ದರು. ೯೨೦ರ ಸುಮಾರಿನ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ೧೦೨೫ರ ಸುಮಾರಿಗೆ ಎರಡನೆಯ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವ ಕ್ರಮವಿದೆ.

ಇದರಿಂದ ತಾಯಿಗೆ ಏನು ಪ್ರಯೋಜನ? ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು ಸುಮಾರು ೩೫೦ ಮಿಲಿಗ್ರಾಂ ಇರುವದು; ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಹ ಇಲ್ಲ. ಆದರೆ ಕಾಳುಗಳಲ್ಲಿ ಫೈಟಿಕ್ ಆಮ್ಲವೆಂಬ ಒಂದು ವಸ್ತುವಿದ್ದು, ಅದು ಕಬ್ಬಿಣವನ್ನೂ ಸುಣ್ಣವನ್ನೂ ಬಿಗಿಯಾಗಿ ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವದಿಲ್ಲ. ನೆನೆದು ಹುಳಿಯುವಾಗ ಈ ಹಿಡಿತವು ಸಡಿಲವಾಗುತ್ತದೆ. ಆದಕಾರಣ ಹುಳಿದ ಹಿಟ್ಟು ಅದೇ ಹಿಟ್ಟಾದರೂ ದೇಹಕ್ಕೆ ಹೆಚ್ಚು ದಕ್ಕುವದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವರುಷದೊಳಗಿನ ಭಾರತದ ಸ್ತ್ರೀಯರೊಳಗೆ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿತ್ತೆಂಬದನ್ನು ನೆನಸಿದರೆ, ಇದು ಸಣ್ಣ ಮಾತಲ್ಲ. ಊಟದೊಂದಿಗೆ ಕುಡಿಯುವ ಚಹಾವಾದರೋ ಕಬ್ಬಿಣವು ದಕ್ಕದಂತೆ ತಡೆಯುವದು. ಹೀಗಿರಲಾಗಿ, ಅಂಬಲಿಯನ್ನು ಬಡವರ ಕೂಳೆಂದು ಮೂಲೆಗಿಟ್ಟು ಚಹಾವನ್ನೂ ಬನ್ನನ್ನೂ ಮರ್ಯಾದೆಯ ಆಹಾರವೆಂದು ಎಣಿಸುವದು ಯಾವ ನ್ಯಾಯ?

ಮಜ್ಜಿಗೆಯಲ್ಲಿ ಜೀವವುಳ್ಳ ಸೂಕ್ಷ್ಮಜೀವಿಗಳಿರುತ್ತವೆ. ಹಾಲು ಒಗ್ಗದ ಕೆಲವರ ಹೊಟ್ಟೆಗೂ ಅದು ಒಗ್ಗುವದು. ಮೊಲೆಯೂಡುವ ತಾಯಿಗೆ ಅಗತ್ಯವಾದ ನೀರೂ ಅದರಿಂದ ಸಿಕ್ಕುವದು. ಇಡ್ಲಿ ದೋಸೆಗಳನ್ನು ಬೇಯಿಸುವಾಗ ಆ ಜೀವಿಗಳು ಸಾಯುತ್ತವೆ, ಆದರೆ ಅವು ಮಾಡಿಟ್ಟ ಉಪಕಾರವು ಹಿಟ್ಟಿನಲ್ಲಿ ಬಹುಮಟ್ಟಿಗೆ ಉಳಿಯುತ್ತದೆ.

ಇನ್ನು ಶೀತದ ಮಾತು. ನಾವೆಲ್ಲರೂ ನಮ್ಮ ಅಜ್ಜಿಯರಿಂದ ಅದನ್ನು ಕೇಳಿದವರೇ. ಆದರೆ ಹೊಟ್ಟೆಯೊಳಗೆ ಸಹಜವಾಗಿರುವ ಹುಳಿಯು ಯಾವ ಅಂಬಲಿಗಿಂತಲೂ ತೀಕ್ಷ್ಣವಾದದ್ದು. ತಾಯಿಯು ಹುಳಿ ಉಂಡರೆ ಹಾಲು ಹುಳಿಯಾಗುವದಿಲ್ಲ. ಮಗುವಿನ ನೆಗಡಿಯು ನೆಗಡಿಯುಳ್ಳವರ ಕೆಮ್ಮು ಸೀನುಗಳಿಂದಲೂ ತೊಳೆಯದ ಕೈಗಳಿಂದಲೂ ಬರುವದು. ಮಗುವನ್ನು ನೋಡಲು ಬಂದು ಮುದ್ದಿಟ್ಟು ಹೋಗುವ ನೆಂಟರನ್ನು ತಡೆಯದೆ ಮಜ್ಜಿಗೆಯನ್ನು ಮಾತ್ರ ತಡೆಯುವದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಎಚ್ಚರಿಕೆಗಳಿಲ್ಲವೆಂದಲ್ಲ. ಬಾಣಂತಿಗೆ ಕೊಡುವ ಅಂಬಲಿಗೆ ಹಿಟ್ಟನ್ನು ರಾತ್ರಿ ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ಮುಚ್ಚಿಟ್ಟು, ಬೆಳಿಗ್ಗೆ ಕುದಿಯುವ ನೀರಿಗೆ ಹೊಯ್ದು ಗಂಟಾಗದಂತೆ ತಿರುವಿ ಬೇಯಿಸಬೇಕು. ಆರಿದ ಮೇಲೆ ಮಜ್ಜಿಗೆಯನ್ನೂ ಸ್ವಲ್ಪ ಉಪ್ಪನ್ನೂ ಬೆರೆಸಬೇಕು. ಕಾಯಿಸದ ಹಾಲಿನ ಮೊಸರನ್ನು ಗರ್ಭಿಣಿಯರೂ ಬಾಣಂತಿಯರೂ ಮುಟ್ಟಕೂಡದು. ತಂಗಳನ್ನದ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು: ಯಾತಕ್ಕೆಂದರೆ ಅನ್ನದಲ್ಲಿ ಬೆಂದರೂ ಸಾಯದ ಒಂದು ಜಾತಿಯ ರೋಗಬೀಜವಿರಬಹುದು, ಅನ್ನವನ್ನು ಬೆಚ್ಚಗೆ ಬಹಳ ಹೊತ್ತು ಇಟ್ಟರೆ ಅದು ಬೆಳೆದು ವಿಷವನ್ನು ಬಿಡುತ್ತದೆ, ಮತ್ತು ತಿರುಗಿ ಕಾಯಿಸಿದರೂ ಆ ವಿಷವು ಹೋಗುವದಿಲ್ಲ. ಆದ್ದರಿಂದ ಮನೆಯಲ್ಲಿ ಎಲ್ಲರೂ ಉಂಡು ಮಿಕ್ಕಿದ್ದನ್ನು ಕಡೆಗೆ ತಾಯಿಯ ಪಾಲಿಗೆ ಬಿಡುವ ವಾಡಿಕೆಯನ್ನು ನಾವು ಒಪ್ಪಲಾರೆವು. ಲೋಳೆ ಬಂದದ್ದು, ಬೂಸು ಹಿಡಿದದ್ದು, ಕೆಟ್ಟ ವಾಸನೆಯುಳ್ಳದ್ದು ತಿಪ್ಪೆಗೇ ಹೋಗತಕ್ಕದ್ದು.

ಅಂಬಲಿಯು ಔಷಧವೂ ಅಲ್ಲ. ಸರಕಾರದವರು ಕೊಡುವ ಕಬ್ಬಿಣದ ಮಾತ್ರೆಯನ್ನು ಗರ್ಭಿಣಿಯು ೧೮೦ ದಿವಸ, ಹೆರಿಗೆಯಾದ ಮೇಲೆ ಪುನಃ ೧೮೦ ದಿವಸ ನುಂಗಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಿಕ್ಕುವದು. ತಾಯಿಯು ಎರಡು ವಾರ ಕಳೆದರೂ ಸುಮ್ಮನೆ ಅಳುತ್ತಾ, ನಿದ್ರೆಯಿಲ್ಲದೆ, ಮಗುವಿನ ಮೇಲೆ ಮನಸ್ಸಿಲ್ಲದೆ ಇದ್ದರೆ, ಅದು ಆಹಾರದಿಂದ ತೀರುವ ಸಂಗತಿಯಲ್ಲ. ವೈದ್ಯರ ಬಳಿಗೆ ಕರಕೊಂಡು ಹೋಗಬೇಕು.

ನಾವು ಇಷ್ಟನ್ನೂ ಆ ಮನೆಯಲ್ಲಿ ಹೇಳಿದಾಗ ಅತ್ತೆಯವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮುಂದಿನ ವಾರ ಹೋದಾಗ ಸೊಸೆಯ ಮುಂದೆ ಒಂದು ಲೋಟ ಮಜ್ಜಿಗೆಯಿತ್ತು. ಶೀತವನ್ನು ಮುರಿಯುವದಕ್ಕೆಂದು ಅತ್ತೆಯವರು ಅದಕ್ಕೆ ಇಂಗು ಜೀರಿಗೆಯ ಒಗ್ಗರಣೆ ಹಾಕಿದ್ದರು. ನಾವು ಅದಕ್ಕೆ ಏನೂ ಅನ್ನಲಿಲ್ಲ.