ಮಗುವಿಗೆ ಓಟಿ ಎಷ್ಟು ದಿನ ಬೇಕು? ತಿಂಗಳಲ್ಲಲ್ಲ, ಗಂಟೆಯಲ್ಲಿ ಲೆಕ್ಕ ಹಾಕಿ

ಶಿವಮೊಗ್ಗದ ಆಲ್ಕೊಳದ ಕಡೆಯಿಂದ ಮಗುವನ್ನು ಕಟ್ಟಿಕೊಂಡು ಮೊದಲ ಸಲ ಆಕ್ಯುಪೇಷನಲ್ ಥೆರಪಿಗೆ, ಅಂದರೆ ಎಲ್ಲರ ಬಾಯಲ್ಲಿರುವ ‘ಓಟಿ’ಗೆ, ಹೋದ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ: ‘ಎಷ್ಟು ತಿಂಗಳು ಬರಬೇಕಾಗುತ್ತೆ?’ ಪ್ರಶ್ನೆ ನ್ಯಾಯವಾದದ್ದೇ. ಭದ್ರಾವತಿಯಿಂದ ಬರುವವರಿಗಂತೂ 45 ನಿಮಿಷದ ಒಂದು ಸೆಷನ್ನಿಗೆ ಅರ್ಧ ದಿನ ಹೋಗುತ್ತದೆ, ಮನೆಯಲ್ಲಿ ಒಬ್ಬರ ರಜೆಯೋ ಕೂಲಿಯೋ ಕಳೆಯುತ್ತದೆ. ಆದರೆ ಇದಕ್ಕೆ ‘ಆರು ತಿಂಗಳು’, ‘ಒಂದು ವರ್ಷ’ ಎಂದು ಮೊದಲ ದಿನವೇ ಹೇಳಿಬಿಡುವವರ ಮಾತನ್ನು ಪೂರ್ತಿ ನಂಬಬೇಡಿ. ಮಗು ಏನನ್ನು ಕಲಿಯಬೇಕು, ಅದಕ್ಕೆ ಎಷ್ಟು ಗಂಟೆ ಅಭ್ಯಾಸ ಬೇಕು, ಅದರಲ್ಲಿ ಎಷ್ಟು ಪಾಲು ಮನೆಯಲ್ಲೇ ಆಗುತ್ತದೆ ಎಂಬುದರ ಮೇಲೆ ಅವಧಿ ನಿಂತಿದೆ.

ಮೊದಲು ಮಕ್ಕಳ ವೈದ್ಯರು

ನೇರವಾಗಿ ಥೆರಪಿ ಸೆಂಟರ್‌ಗೆ ಹೋಗಿ ಹಣ ಕಟ್ಟುವ ಮುಂಚೆ ಮಕ್ಕಳ ವೈದ್ಯರಿಗೆ ತೋರಿಸಿ. ಆಲ್ಕೊಳದವರಿಗೆ ಸಾಗರ ರಸ್ತೆಯಲ್ಲೇ ಮೆಗ್ಗಾನ್ ಆಸ್ಪತ್ರೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬುದು ನಿಯಮ. ಬೆಳವಣಿಗೆ ನಿಧಾನ ಎನಿಸಿದ ಮಗುವನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುವುದೂ ಇದೇ ಯೋಜನೆ. ತಂಡ ಬರುವ ದಿನವನ್ನು ಅಂಗನವಾಡಿ ಟೀಚರ್ ಹತ್ತಿರ ಕೇಳಿಟ್ಟುಕೊಳ್ಳಿ.

ಒಂದು ಮಾತು ಇಲ್ಲೇ ಹೇಳಬೇಕು. ವರ್ಷ ತುಂಬುವ ಮೊದಲೇ ಮಗು ಎಲ್ಲದಕ್ಕೂ ಒಂದೇ ಕೈ ಚಾಚುತ್ತಿದ್ದರೆ, ಇನ್ನೊಂದು ಕೈ ಮುಷ್ಟಿ ಕಟ್ಟಿಕೊಂಡೇ ಇದ್ದರೆ, ‘ನಮ್ಮ ಮಾವನ ಹಾಗೆ ಎಡಚ’ ಎಂದು ನಕ್ಕು ಸುಮ್ಮನಾಗಬೇಡಿ. ಅಷ್ಟು ಬೇಗ ಎಡಬಲ ತೀರ್ಮಾನವಾಗುವುದಿಲ್ಲ. ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಅದು ಬೇಗ ಗೊತ್ತಾದಷ್ಟೂ ಒಳ್ಳೆಯದು.

ಕಿವಿ, ಕಣ್ಣಿನ ಪರೀಕ್ಷೆಯನ್ನೂ ಇದೇ ಹಂತದಲ್ಲಿ ಮುಗಿಸಿ. ಬಳಿಕ ಥೆರಪಿ ಕೊಡುವವರಿಗೆ ಆಕ್ಯುಪೇಷನಲ್ ಥೆರಪಿಯ ಬಿಒಟಿ ಅಥವಾ ಎಂಒಟಿ ಪದವಿ ಇದೆಯೇ ಕೇಳಿ. ಕೇಳಲು ಸಂಕೋಚ ಬೇಡ.

ಗುರಿಯನ್ನು ಒಂದೇ ಸಾಲಿನಲ್ಲಿ ಬರೆಸಿಕೊಳ್ಳಿ

‘ಏಕಾಗ್ರತೆ ಹೆಚ್ಚಿಸುವುದು’, ‘ಕೈಬಲ ಸುಧಾರಿಸುವುದು’ ಎಂದು ಫೈಲಿನಲ್ಲಿ ಬರೆದಿದ್ದರೆ ಅದು ಯಾವತ್ತು ಮುಗಿಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಗುರಿ ಹೀಗಿರಲಿ: ‘ದಸರಾ ರಜೆ ಮುಗಿಯುವಷ್ಟರಲ್ಲಿ ಯೂನಿಫಾರ್ಮ್ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳಬೇಕು.’ ‘ಅನ್ನ ಸಾರನ್ನು ತಾನೇ ಕಲಸಿ, ತಟ್ಟೆಯಾಚೆ ಚೆಲ್ಲದೆ ಉಣ್ಣಬೇಕು.’ ಒಂದು ಸಲಕ್ಕೆ ಇಂಥ ಎರಡು ಮೂರು ಗುರಿ ಸಾಕು. ಇವನ್ನು ಆರಿಸಬೇಕಾದವರು ನೀವು, ಮಾತಾಡುವ ವಯಸ್ಸಾಗಿದ್ದರೆ ಮಗುವೂ ಸಹ. ಥೆರಪಿಸ್ಟ್ ಅದಕ್ಕೆ ದಾರಿ ಹಾಕಿಕೊಡುತ್ತಾರೆ.

ಗಂಟೆಯ ಲೆಕ್ಕ

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕೈಕೆಲಸದ ಅಭ್ಯಾಸದ ಬಗ್ಗೆ ಆಸ್ಟ್ರೇಲಿಯಾದ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ನಿರ್ದಿಷ್ಟ ಕೆಲಸ ಕೈಗೆ ಹತ್ತಲು 14ರಿಂದ 25 ಗಂಟೆಗೂ ಹೆಚ್ಚು ಅಭ್ಯಾಸ ಬೇಕು. ಕೈಯ ಒಟ್ಟಾರೆ ಬಳಕೆ ಸುಧಾರಿಸಲು 30ರಿಂದ 40 ಗಂಟೆಗೂ ಹೆಚ್ಚು. ಸೆಂಟರ್‌ನದೂ ಮನೆಯದೂ ಸೇರಿ ಈ ಲೆಕ್ಕ.

ಈಗ ಕೂಡಿ ನೋಡಿ. ವಾರಕ್ಕೆ ಒಂದೇ ಸೆಷನ್, 45 ನಿಮಿಷ, ಮನೆಯಲ್ಲಿ ಏನೂ ಇಲ್ಲ ಎಂದಾದರೆ 25 ಗಂಟೆ ತುಂಬಲು ಸುಮಾರು 33 ವಾರ ಬೇಕು. ಅದೇ ಒಂದು ಸೆಷನ್ನಿನ ಜೊತೆ ವಾರದಲ್ಲಿ ಆರು ದಿನ ಮನೆಯಲ್ಲಿ 20 ನಿಮಿಷ ಸೇರಿಸಿದರೆ ಸುಮಾರು ಒಂಬತ್ತು ವಾರ. ಭದ್ರಾವತಿಯಿಂದ ವಾರಕ್ಕೆ ಮೂರು ಸಲ ಬಸ್ ಹತ್ತಲಾಗದವರು ಈ ಲೆಕ್ಕವನ್ನು ಥೆರಪಿಸ್ಟ್ ಮುಂದೆ ಇಟ್ಟು, ‘ಒಂದು ಸಲ ಬರುತ್ತೇವೆ, ಮಿಕ್ಕಿದ್ದನ್ನು ಮನೆಯಲ್ಲಿ ಮಾಡಿಸಲು ಹೇಳಿಕೊಡಿ’ ಎಂದು ಕೇಳಬಹುದು.

ಎಲ್ಲ ಮಕ್ಕಳಿಗೂ ಇದೇ ಅಳತೆ ಅಲ್ಲ. ಬರವಣಿಗೆಯೊಂದೇ ತೊಂದರೆಯಾದರೆ ವಾರಕ್ಕೆ ಎರಡು ಸಲವಾದರೂ ಕೂರಿಸಿ, ಒಟ್ಟು 20 ಸಲಕ್ಕಿಂತ ಕಡಿಮೆ ಆಗದಂತೆ ಬರೆಸಬೇಕು. ಬರೆಸದೆ ಬರಿ ಚೆಂಡು ಹಿಸುಕಿಸಿದರೆ ಅಕ್ಷರ ದುಂಡಗಾಗುವುದಿಲ್ಲ. ಕೈಕಾಲು ಹೊಂದಾಣಿಕೆ ಇಲ್ಲದೆ ಎಡವುವ, ಚೆಂಡು ಹಿಡಿಯಲಾಗದ, ಆದರೆ ಬುದ್ಧಿ ಚುರುಕಾಗಿರುವ ಮಕ್ಕಳಿಗೆ ‘ಯೋಚಿಸಿ ಮಾಡು’ ಎಂದು ಕಲಿಸುವ ಒಂದು ಪದ್ಧತಿಯಿದೆ, ಅದು ಹತ್ತು ಹನ್ನೆರಡು ಸೆಷನ್ನಿನಲ್ಲಿ ಮುಗಿಯುತ್ತದೆ. ಆಟಿಸಂ ಇದ್ದರೆ ವರ್ಷಗಳ ಮಾತು. ಆದರೆ ಅದೂ ಎಡೆಬಿಡದೆ ನಡೆಯಬೇಕಾದ್ದಲ್ಲ.

ಮನೆಯ ಇಪ್ಪತ್ತು ನಿಮಿಷ

ಗುಂಡಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಶಾಲೆಯ ವ್ಯಾನ್ ಹಾರ್ನ್ ಹೊಡೆಯುವಾಗ ಕಲಿಸಲು ಹೋಗಬೇಡಿ, ಸಂಜೆ ಮಾಡಿ. ದೊಡ್ಡ ಗುಂಡಿಯ ಹಳೇ ಅಂಗಿಯನ್ನು ಮೊದಲು ಮಗುವಿನ ಮೈಮೇಲಲ್ಲ, ತೊಡೆಯ ಮೇಲೆ ಹರಡಿ. ಗುಂಡಿಯನ್ನು ಕಾಜಾದೊಳಗೆ ನೀವೇ ಅರ್ಧ ತೂರಿಸಿ, ಹೊರಗೆ ಇಣುಕಿದ ಅಂಚನ್ನು ಹಿಡಿದೆಳೆಯುವುದನ್ನು ಮಾತ್ರ ಮಗುವಿಗೆ ಬಿಡಿ. ಗುಂಡಿ ಹಾಕಿದ್ದು ತಾನೇ ಎಂಬ ಖುಷಿ ಅದಕ್ಕೇ ಸಿಗುತ್ತದೆ. ಅದು ಸಲೀಸಾದ ಮೇಲೆ ತೂರಿಸುವುದನ್ನೂ ಬಿಟ್ಟುಕೊಡಿ, ಆಮೇಲೆ ಮೈಮೇಲೆ, ಆಮೇಲೆ ಯೂನಿಫಾರ್ಮಿನ ಸಣ್ಣ ಗುಂಡಿ. ಕೊನೆಯ ಹಂತದಿಂದ ಹಿಂದಕ್ಕೆ ಕಲಿಸುತ್ತ ಬರುವ ಈ ಕ್ರಮವನ್ನು ಚಡ್ಡಿ ಏರಿಸಲು, ಕಾಲುಚೀಲ ಹಾಕಲು, ಹಲ್ಲುಜ್ಜಲು ಎಲ್ಲದಕ್ಕೂ ಬಳಸಬಹುದು.

ದುಬಾರಿ ಆಟಿಕೆ ಬೇಕಿಲ್ಲ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿದುಕಿಸಿ. ಬೆರಳ ತುದಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಯಾವ ಸೆಂಟರ್ ಕೊಟ್ಟೀತು? ಅಕ್ಕಿ ರೊಟ್ಟಿ ತಟ್ಟಿಸಿ, ಒದ್ದೆ ಬಟ್ಟೆ ಹಿಂಡಿಸಿ. ಕಂಡದ್ದೆಲ್ಲ ಬಾಯಿಗೆ ಹಾಕುವ ಮಗುವಾದರೆ ಕಾಳು ಮಾತ್ರ ಬೇಡ.

ಅಜ್ಜಿಯರಿಗೂ ಒಂದು ವಿನಂತಿ. ಏಳು ವರ್ಷದ ಮೊಮ್ಮಗನಿಗೆ ತುತ್ತು ಮಾಡಿ ಬಾಯಿಗಿಟ್ಟರೆ ಆ ದಿನದ ಅಭ್ಯಾಸ ಹೋಯಿತು. ಚೆಲ್ಲಿಕೊಂಡರೂ ಅವನೇ ಉಣ್ಣಲಿ.

ಮೂರು ತಿಂಗಳಿಗೊಮ್ಮೆ ತೂಗಿ ನೋಡಿ

ಶುರುವಿನ ದಿನ ಮಗು ಆ ಕೆಲಸ ಮಾಡುವುದನ್ನು ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರಿಸಿಡಿ. ಮೂರು ತಿಂಗಳಿಗೆ ಅದೇ ಜಾಗ, ಅದೇ ಅಂಗಿ, ಮತ್ತೊಂದು ವಿಡಿಯೊ. ಎರಡನ್ನೂ ಥೆರಪಿಸ್ಟ್ ಜೊತೆ ಕೂತು ನೋಡಿ. ವ್ಯತ್ಯಾಸ ಕಾಣದಿದ್ದರೆ ಗುರಿ ಚಿಕ್ಕದಾಗಬೇಕು, ಅಭ್ಯಾಸ ಹೆಚ್ಚಬೇಕು ಅಥವಾ ವಿಧಾನ ಬದಲಾಗಬೇಕು. ‘ಇನ್ನೂ ಮೂರು ತಿಂಗಳು ನೋಡೋಣ’ ಎಂಬುದು ಒಂದು ಸಲಕ್ಕೆ ಸರಿ, ಎರಡನೇ ಸಲಕ್ಕೆ ಅಲ್ಲ. ಉಯ್ಯಾಲೆ, ಬ್ರಶ್ ಉಜ್ಜುವುದು ಮೊದಲಾದ ಸೆನ್ಸರಿ ಥೆರಪಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅದರ ಪರಿಣಾಮಕ್ಕೆ ಪುರಾವೆ ಸೀಮಿತ, ಕೊಡುವುದಾದರೆ ಗುರಿ ಇಟ್ಟು, ಗಡುವು ಹಾಕಿ ಪರೀಕ್ಷಿಸಿ ನೋಡಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ತಳೆದ ನಿಲುವು.

ಗುರಿ ಮುಟ್ಟಿದ ಮೇಲೆ ಸೆಷನ್ ಒಮ್ಮೆಲೇ ಕಡಿದುಹಾಕದೆ ಹದಿನೈದು ದಿನಕ್ಕೊಂದು, ತಿಂಗಳಿಗೊಂದು ಎಂದು ಇಳಿಸಿ. ಮತ್ತೆ ಹೋಗಬೇಕಾದ ಕಾಲಗಳು ಇವೆ: ಒಂದನೇ ತರಗತಿಗೆ ಸೇರುವಾಗ, ಹೈಸ್ಕೂಲಿನಲ್ಲಿ ನೋಟ್ಸ್ ಬರೆಯುವ ವೇಗ ಬೇಕಾದಾಗ, ಮೂಳೆ ಸರಸರನೆ ಬೆಳೆದು ಸ್ನಾಯು ಬಿಗಿಯುವ ವಯಸ್ಸಿನಲ್ಲಿ, ಹುಡುಗಿ ಮುಟ್ಟಿನ ದಿನಗಳನ್ನು ತಾನೇ ನಿಭಾಯಿಸಲು ಕಲಿಯಬೇಕಾದಾಗ. ಮತ್ತೆ ಶುರುಮಾಡಿದರೆ ಮೊದಲಿನದು ವ್ಯರ್ಥವಾಯಿತೆಂದು ಅರ್ಥವಲ್ಲ.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇದರಲ್ಲಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಈ ಮೂರು ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಮಿತಿಯೊಳಗೆ ಅವಕಾಶವಿದೆ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಶಾಲೆಯ ವಿಷಯಕ್ಕೆ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ವಿಶೇಷ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿ.

ಆರು ತಿಂಗಳ ಪ್ಯಾಕೇಜ್ ಎಂದು ಮುಂಗಡ ಕೇಳಿದರೆ ಒಂದು ತಿಂಗಳದ್ದು ಮಾತ್ರ ಕಟ್ಟಿ, ಗುರಿ ಬರೆದ ಹಾಳೆಯ ಒಂದು ಪ್ರತಿಯನ್ನು ಕೈಗೆ ಪಡೆದುಕೊಂಡೇ ಮನೆಗೆ ಬನ್ನಿ.